ಪ್ರಾಚೀನರ ಮಾಂಸತಾರತಮ್ಯವಿಚಾರವೂ ಕನ್ನಡ ಸೂಪಶಾಸ್ತ್ರಗಳ ಮೌನವೂ

ಕನ್ನಡದಲ್ಲಿ ಪಾಕವಿಷಯಕವಾದ ಗ್ರಂಥಗಳು ವಿರಳ. ದೊರೆತಿರುವವುಗಳಲ್ಲಿ ಇಮ್ಮಡಿ ಚಾವುಂಡರಾಯನ ಲೋಕೋಪಕಾರದೊಳಗಿನ (ಕ್ರಿ. ಶ. ೧೦೨೫) ಪಾಕಭಾಗವೂ, ಕಲ್ಲಹಳ್ಳಿಯ ಪ್ರಭುವಾದ ಮುಮ್ಮಡಿ ಮಂಗರಸನ ಸೂಪಶಾಸ್ತ್ರವೂ (ಸುಮಾರು ಕ್ರಿ. ಶ. ೧೫೦೮) ಮುಖ್ಯವಾದುವು. ಈ ಎರಡರಲ್ಲಿಯೂ ಧಾನ್ಯ, ಹಿಟ್ಟು, ಶಾಕ, ಫಲ, ಹಾಲು, ಮೊಸರುಗಳ ಸಂಸ್ಕಾರಗಳು ವಿಸ್ತಾರವಾಗಿ ಹೇಳಲ್ಪಟ್ಟಿವೆ. ಬೇಟೆಯ ಮೃಗ, ಪಕ್ಷಿ, ಮತ್ಸ್ಯಗಳ ಅಡುಗೆಗೆ ಸ್ಥಳವೇ ಇಲ್ಲ. ಇವನ್ನು ಮಾತ್ರ ಓದಿದವರಿಗೆ, ಕನ್ನಡನಾಡಿನ ಅರಮನೆಗಳ ಭೋಜನಶಾಲೆಗಳಲ್ಲಿ ಮಾಂಸಕ್ಕೆ ಪ್ರವೇಶವಿರಲಿಲ್ಲವೆಂಬ, ಇದ್ದರೂ ಅದರ ರುಚಿಭೇದಗಳನ್ನು ವಿಚಾರಮಾಡುವ ಶಾಸ್ತ್ರಬುದ್ಧಿ ಈ ನಾಡಿನಲ್ಲಿ ಬೆಳೆಯಲಿಲ್ಲವೆಂಬ ಅಭಿಪ್ರಾಯವು ಸಹಜವಾಗಿ ಹುಟ್ಟುವುದು.

ಆದರೆ ಲೋಕೋಪಕಾರವು ಹುಟ್ಟಿ ನೂರನಾಲ್ಕು ವರ್ಷಗಳು ಕಳೆಯುವಷ್ಟರಲ್ಲಿ, ಅದೇ ಚಾಲುಕ್ಯವಂಶದ ಚಕ್ರವರ್ತಿಯಾದ ಮುಮ್ಮಡಿ ಸೋಮೇಶ್ವರನು ಕ್ರಿ. ಶ. ೧೧೨೯ರಲ್ಲಿ ಅಭಿಲಷಿತಾರ್ಥಚಿಂತಾಮಣಿಯೆಂಬ ನಾಮಾಂತರವುಳ್ಳ ಮಾನಸೋಲ್ಲಾಸವನ್ನು ರಚಿಸಿದನು. ಅದರ ಅನ್ನಭೋಗಪ್ರಕರಣದಲ್ಲಿ ಕಾಡುಹಂದಿ, ಜಿಂಕೆ, ಆಮೆ, ಏಡಿ, ಮೀನು, ಕಡೆಗೆ ಹೊಲದ ಇಲಿಯವರೆಗೆ ನಾನಾ ಪ್ರಾಣಿಗಳ ಪಾಕವು ಸವಿಸ್ತರವಾಗಿ ನಿರೂಪಿತವಾಗಿದೆ. ಒಂದೇ ನಾಡು, ಒಂದೇ ಅರಸುಮನೆತನ, ಸಮೀಪಕಾಲ; ಆದರೂ ಒಂದು ಗ್ರಂಥದಲ್ಲಿ ಮೌನ, ಮತ್ತೊಂದರಲ್ಲಿ ವಾಚಾಳತೆ. ಈ ವಿರೋಧಕ್ಕೆ ಪರಿಹಾರವನ್ನು ಕಂಡುಕೊಳ್ಳದೆ ಪ್ರಾಚೀನ ಕನ್ನಡಿಗರ ಆಹಾರವಿಚಾರವನ್ನು ಬರೆಯಹೊರಡುವುದು ಉಚಿತವಲ್ಲ. ಆದುದರಿಂದ ಮೊದಲು, ಪ್ರಾಚೀನರು ಮಾಂಸಗಳ ತಾರತಮ್ಯವನ್ನು ಯಾವ ಯಾವ ಮಾನಗಳಿಂದ ಅಳೆದರೆಂಬುದನ್ನು ಪರಿಶೀಲಿಸಿ, ಆ ಬಳಿಕ ಕನ್ನಡ ಗ್ರಂಥಗಳ ಮೌನಕ್ಕೆ ಅರ್ಥವೇನೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

೧. ಕರ್ಮಮಾನ

ಮಾಂಸಗಳನ್ನು ಒಂದರೊಡನೊಂದು ಹೋಲಿಸಿ ಕ್ರಮವಾಗಿ ಜೋಡಿಸಿದ ಹಳೆಯ ಪಟ್ಟಿಗಳಲ್ಲಿ ಧರ್ಮಶಾಸ್ತ್ರಗಳ ಶ್ರಾದ್ಧಪ್ರಕರಣವು ಗಮನಾರ್ಹವಾದುದು. ಯಾವ ಹವಿಸ್ಸಿನಿಂದ ಪಿತೃಗಳಿಗೆ ಎಷ್ಟು ಕಾಲದ ತೃಪ್ತಿಯುಂಟಾಗುವುದೆಂಬುದನ್ನು ಮನುಸ್ಮೃತಿಯ ಮೂರನೆಯ ಅಧ್ಯಾಯವು ತಿಂಗಳುಗಳ ಲೆಕ್ಕದಲ್ಲಿ ಹೇಳುತ್ತದೆ. ಮೀನಿನಿಂದ ಎರಡು ತಿಂಗಳು, ಹರಿಣಮಾಂಸದಿಂದ ಮೂರು, ಕುರಿಯಿಂದ ನಾಲ್ಕು, ಪಕ್ಷಿಗಳಿಂದ ಐದು, ಆಡಿನಿಂದ ಆರು, ಚುಕ್ಕೆಯ ಜಿಂಕೆಯಿಂದ ಏಳು, ಏಣದಿಂದ ಎಂಟು, ರುರುವಿನಿಂದ ಒಂಬತ್ತು, ಹಂದಿ ಮತ್ತು ಕೋಣಗಳಿಂದ ಹತ್ತು, ಮೊಲ ಮತ್ತು ಆಮೆಗಳಿಂದ ಹನ್ನೊಂದು ತಿಂಗಳು. ಹಸುವಿನ ಹಾಲಿನಿಂದಲೂ ಪಾಯಸದಿಂದಲೂ ಒಂದು ಸಂವತ್ಸರವೆಂಬುದು ಇದರ ಮೇಲಿನ ಮೆಟ್ಟಿಲು.

ಈ ಗಣನೆಯಲ್ಲಿ ನಾಲಗೆಯ ರುಚಿಗೆ ನೇರವಾದ ಪ್ರಸ್ತಾಪವಿಲ್ಲ. ಆದರೂ ಎರಡು ಸಂಗತಿಗಳು ಇಲ್ಲಿ ಸ್ಪಷ್ಟವಾಗುತ್ತವೆ. ಮೊದಲನೆಯದು, ನೀರಿನ ಮೀನು ಅತ್ಯಂತ ಕೆಳಗೂ ಕಾಡಿನ ಮೃಗಗಳು ಮೇಲೂ ನಿಂತಿರುವುದು. ಎರಡನೆಯದು, ಮಾಂಸಸಾಮಾನ್ಯವೆಂಬ ಒಂದೇ ಪದಾರ್ಥವನ್ನು ಪ್ರಾಚೀನರು ಅಂಗೀಕರಿಸದಿರುವುದು. ಜಿಂಕೆಯ ಜಾತಿಯಲ್ಲಿಯೇ ಹರಿಣಕ್ಕೆ ಮೂರು, ಚುಕ್ಕೆಯ ಜಿಂಕೆಗೆ ಏಳು, ಏಣಕ್ಕೆ ಎಂಟು, ರುರುವಿಗೆ ಒಂಬತ್ತು ಎಂದು ಭೇದವನ್ನು ಹೇಳಬೇಕಾದರೆ, ಆ ಭೇದವನ್ನು ಕಣ್ಣಿನಿಂದಲೂ ಬಾಯಿಂದಲೂ ಬಲ್ಲ ಸಮಾಜವೊಂದು ಹಿಂದೆ ಇದ್ದಿರಲೇಬೇಕು. ಅದೇ ಸ್ಮೃತಿಯ ಐದನೆಯ ಅಧ್ಯಾಯವು ಐದು ಉಗುರುಗಳ ಪ್ರಾಣಿಗಳಲ್ಲಿ ಮುಳ್ಳುಹಂದಿ, ಉಡ, ಖಡ್ಗಮೃಗ, ಆಮೆ, ಮೊಲ ಮೊದಲಾದುವನ್ನು ಮಾತ್ರ ಭಕ್ಷ್ಯವೆಂದೂ, ಮೀನುಗಳಲ್ಲಿ ಪಾಠೀನ ರೋಹಿತಗಳನ್ನು ಹವ್ಯಕವ್ಯಗಳಿಗೆ ಯೋಗ್ಯವೆಂದೂ ಎಣಿಸುತ್ತದೆ. ಅದೇ ಅಧ್ಯಾಯದಲ್ಲಿಯೇ ಅಹಿಂಸೆಯ ಪ್ರಶಂಸೆಯೂ ಮಾಂಸವರ್ಜನದ ಫಲವೂ ಹೇಳಲ್ಪಟ್ಟಿರುವುದರಿಂದ, ವಿಧಿಯೂ ವಿರಕ್ತಿಯೂ ಒಂದೇ ಗ್ರಂಥದ ಒಂದೇ ಭಾಗದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಓದುಗರು ಗಮನಿಸಬೇಕು.

ಇದಕ್ಕೆ ಶಿಲಾಶಾಸನದ ಸಾಕ್ಷ್ಯವೂ ಉಂಟು. ಕ್ರಿ. ಪೂ. ೩ನೆಯ ಶತಮಾನದ ಅಶೋಕನ ಮೊದಲನೆಯ ಬಂಡೆಶಾಸನವು, ಹಿಂದೆ ಅರಸನ ಪಾಕಶಾಲೆಯಲ್ಲಿ ದಿನಂಪ್ರತಿ ಲಕ್ಷಾಂತರ ಪ್ರಾಣಿಗಳು ಸೂಪಾರ್ಥವಾಗಿ ಕೊಲ್ಲಲ್ಪಡುತ್ತಿದ್ದುವೆಂದೂ, ಶಾಸನವನ್ನು ಬರೆಸುವ ಕಾಲಕ್ಕೆ ಮೂರು ಪ್ರಾಣಿಗಳು ಮಾತ್ರ, ಎಂದರೆ ಎರಡು ನವಿಲುಗಳು ಮತ್ತು ಒಂದು ಮೃಗ, ಕೊಲ್ಲಲ್ಪಡುತ್ತಿದ್ದುವೆಂದೂ, ಆ ಮೃಗವೂ ನಿತ್ಯವಲ್ಲವೆಂದೂ, ಮುಂದೆ ಈ ಮೂರೂ ನಿಲ್ಲುವುವೆಂದೂ ಸಾರುತ್ತದೆ. ಎಲ್ಲವನ್ನೂ ಬಿಟ್ಟ ಮೇಲೆ ಕಡೆಯವರೆಗೆ ಉಳಿದುಕೊಂಡುವು ನವಿಲು ಮತ್ತು ಜಿಂಕೆ. ಅವೆರಡರಲ್ಲಿಯೂ ನವಿಲಿನ ಮೇಲಣ ಆಸೆ ಹೆಚ್ಚು ಕಾಲ ಉಳಿಯಿತು. ಅರಸನ ನಾಲಗೆಯ ತಾರತಮ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಶಾಸನ ದುರ್ಲಭ. ಇಲ್ಲಿಯ ‘ಸೂಪ’ ಶಬ್ದವೂ ವಿಚಾರಾರ್ಹವಾದುದು. ಮಾಂಸದ ರಸವೂ ಆ ಕಾಲದಲ್ಲಿ ಸೂಪವೇ ಆಗಿತ್ತು. ಅದೇ ಶಬ್ದವನ್ನು ತಲೆಯಲ್ಲಿ ಹೊತ್ತ ಮಂಗರಸನ ಗ್ರಂಥದಲ್ಲಿ ಮಾಂಸದ ಸೋಂಕೂ ಇಲ್ಲ. ಶಬ್ದವು ಉಳಿದು ಅರ್ಥದ ಒಂದು ಪಾಲು ಕಳಚಿಹೋದುದಕ್ಕೆ ಇದೊಂದು ನಿದರ್ಶನ.

೨. ವೈದ್ಯಮಾನ

ತಾರತಮ್ಯವನ್ನು ಕಾರಣಪೂರ್ವಕವಾಗಿ ವಿಚಾರಿಸಿದವರು ವೈದ್ಯರು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಮಾಂಸಕ್ಕೆ ಎಂಟು ಯೋನಿಗಳು ಹೇಳಲ್ಪಟ್ಟಿವೆ: ಆಹಾರವನ್ನು ಸೆಳೆದು ತಿನ್ನುವ ಪ್ರಸಹಗಳು, ಬಿಲದಲ್ಲಿರುವ ಭೂಮಿಶಯಗಳು, ಜವುಗುನೆಲದ ಆನೂಪಗಳು, ನೀರಿನೊಳಗಿರುವ ವಾರಿಶಯಗಳು, ನೀರಿನ ಮೇಲೆ ಸಂಚರಿಸುವ ವಾರಿಚರಗಳು, ಒಣನಾಡಿನ ಜಾಂಗಲಗಳು, ಕಾಲಿನಿಂದ ಕೆದಕಿ ತಿನ್ನುವ ವಿಷ್ಕಿರಗಳು, ಕೊಕ್ಕಿನಿಂದ ಕುಕ್ಕಿ ತಿನ್ನುವ ಪ್ರತುದಗಳು. ಈ ವಿಭಾಗವು ಪ್ರಾಣಿಯ ಅಂಗರಚನೆಯನ್ನು ಅನುಸರಿಸಿದುದಲ್ಲ. ಪ್ರಾಣಿ ಎಲ್ಲಿರುವುದು, ಹೇಗೆ ತಿನ್ನುವುದು ಎಂಬ ಎರಡೇ ಪ್ರಶ್ನೆಗಳ ಮೇಲೆ ನಿಂತಿದೆ. ಆಡು ಕುರಿಗಳು ಎಲ್ಲ ಬಗೆಯ ನೆಲದಲ್ಲಿಯೂ ಮೇಯುವುದರಿಂದ ಅವಕ್ಕೆ ನಿಶ್ಚಿತವಾದ ಯೋನಿಯಿಲ್ಲವೆಂದು ಚರಕನು ಹೇಳಿರುವುದು ಈ ತತ್ತ್ವಕ್ಕೆ ಅನುಗುಣವಾಗಿಯೇ ಇದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ವರ್ಗಗಳು ಎಂಟೇ; ಹೆಸರುಗಳಲ್ಲಿ ಮಾತ್ರ ಕಿಂಚಿದ್ಭೇದವುಂಟು.

ಸುಶ್ರುತಸಂಹಿತೆಯ ಸೂತ್ರಸ್ಥಾನದ ನಲವತ್ತಾರನೆಯ ಅಧ್ಯಾಯವು ಮೊದಲು ಆರು ವರ್ಗಗಳನ್ನು ಎಣಿಸಿ, ಜಲೇಶಯ, ಆನೂಪ, ಗ್ರಾಮ್ಯ, ಕ್ರವ್ಯಭುಕ್, ಏಕಶಫ, ಜಾಂಗಲ ಎಂಬ ಈ ಕ್ರಮದಲ್ಲಿ ಉತ್ತರೋತ್ತರವು ಶ್ರೇಷ್ಠವೆಂದು ಸ್ಪಷ್ಟವಾಗಿ ವಿಧಿಸುತ್ತದೆ. ನೀರಿನದು ಕಡೆಯದು, ಒಣನಾಡಿನದು ಮೊದಲನೆಯದು. ಆ ಬಳಿಕ ಎಲ್ಲವನ್ನೂ ಜಾಂಗಲ ಮತ್ತು ಆನೂಪವೆಂಬ ಎರಡೇ ಮಹಾವರ್ಗಗಳಲ್ಲಿ ಅಡಗಿಸಿ, ಜಾಂಗಲಕ್ಕೆ ಎಂಟೂ ಆನೂಪಕ್ಕೆ ಐದೂ ಒಳಭೇದಗಳನ್ನು ಹೇಳುತ್ತದೆ. ಊರಿನಿಂದಲೂ ನೀರಿನಿಂದಲೂ ದೂರದಲ್ಲಿ ಬದುಕುವ ಮೃಗಪಕ್ಷಿಗಳ ಮಾಂಸವು ದೇಹದಲ್ಲಿ ಅಲ್ಪವಾಗಿ ಅಭಿಷ್ಯಂದವನ್ನುಂಟುಮಾಡುವುದು. ಊರಿಗೂ ನೀರಿಗೂ ಸಮೀಪದಲ್ಲಿರುವುವುಗಳದು ಹೆಚ್ಚಾಗಿ ಉಂಟುಮಾಡುವುದು. ಬೇಟೆಯ ಮಾಂಸವೂ ಸಾಕಿದ ಮಾಂಸವೂ ಏಕೆ ಭಿನ್ನವಾಗಿವೆಯೆಂಬ ಪ್ರಶ್ನೆಗೆ ಸುಶ್ರುತನ ಉತ್ತರ ಇದು: ನಡೆದ ದೂರ, ಕುಡಿದ ನೀರು, ಮೇದ ಮೇವು.

ಇನ್ನು ಒಂದೊಂದರ ಗುಣವನ್ನು ನೋಡುವುದಾದರೆ, ಚರಕನ ವರ್ಣನೆಯಲ್ಲಿ ರಸದ ಹೆಸರುಗಳು ಬಹಳ ಸೂಕ್ಷ್ಮವಾಗಿ ಪ್ರಯುಕ್ತವಾಗಿವೆ. ಲಾವುಗೆಯ ಮಾಂಸವು ಕಷಾಯಮಧುರ, ಲಘು, ಅಗ್ನಿವರ್ಧಕ. ಕಪಿಂಜಲವು ಶೀತ, ಮಧುರ, ಲಘು. ತಿತ್ತಿರಿಯು ಅತಿಯಾಗಿ ಒಣನಾಡನ್ನೂ ಅತಿಯಾಗಿ ಜವುಗನ್ನೂ ಸೇವಿಸದ ಹಕ್ಕಿಯಾದುದರಿಂದ ಗುರು, ಉಷ್ಣ, ಮಧುರ. ಮನೆಯ ಪಾರಿವಾಳವು ಕಷಾಯಮಧುರ. ಗಿಳಿಯು ಕಷಾಯಾಮ್ಲ, ರೂಕ್ಷ. ಉಡವು ಕಷಾಯಕಟುವಾದರೂ ಪಾಕದಲ್ಲಿ ಮಧುರ. ಮುಳ್ಳುಹಂದಿಯು ಮಧುರಾಮ್ಲವಾದರೂ ಪಾಕದಲ್ಲಿ ಕಟು. ಮೊಲವು ಕಷಾಯ, ರೂಕ್ಷ, ಲಘು. ಏಣವು ರಸದಲ್ಲಿಯೂ ಪಾಕದಲ್ಲಿಯೂ ಮಧುರ, ತ್ರಿದೋಷಗಳನ್ನು ಶಮನಗೊಳಿಸುವುದು. ಕಾಡುಹಂದಿಯು ಸ್ನಿಗ್ಧ, ಬೃಂಹಣ, ಆಯಾಸವನ್ನು ಕಳೆಯುವುದು. ಹಂಸವು ಗುರು, ಉಷ್ಣ, ಸ್ನಿಗ್ಧ. ನವಿಲು ಕಣ್ಣು, ಕಿವಿ, ಮೇಧೆ, ಸ್ವರಗಳಿಗೆ ಹಿತವಾದುದು.

ಈ ಪಟ್ಟಿಯನ್ನು ಮಾಡಿದವನು ಕೇವಲ ದೋಷಗಳ ಲೆಕ್ಕವನ್ನು ಮಾತ್ರ ಇಟ್ಟುಕೊಂಡಿರಲಿಲ್ಲವೆಂಬುದಕ್ಕೆ ಸಾಕ್ಷಿ ಉಡ ಮತ್ತು ಮುಳ್ಳುಹಂದಿಗಳ ಉಕ್ತಿಯೇ ಆಗಿದೆ. ರಸವೆಂಬುದು ನಾಲಗೆಯ ಪ್ರತ್ಯಕ್ಷ. ವಿಪಾಕವೆಂಬುದು ಜೀರ್ಣವಾದ ಮೇಲೆ ಕಾರ್ಯದಿಂದ ಊಹಿಸತಕ್ಕುದು. ವಿಪಾಕವೊಂದೇ ವೈದ್ಯನ ಗುರಿಯಾಗಿದ್ದರೆ, ಅದಕ್ಕೆ ವಿರುದ್ಧವಾಗಿ ತೋರುವ ರಸವನ್ನು ಬೇರೆಯಾಗಿ ಹೇಳುವ ಅಗತ್ಯವಿರಲಿಲ್ಲ. ಬಾಯಿಗೆ ಒಗರಾಗಿ ತೋರಿದುದು ಹೊಟ್ಟೆಯಲ್ಲಿ ಸಿಹಿಯಾಗುವುದು, ಬಾಯಿಗೆ ಸಿಹಿಹುಳಿಯಾದುದು ಹೊಟ್ಟೆಯಲ್ಲಿ ಕಟುವಾಗುವುದು ಎಂದು ಎರಡನ್ನೂ ಬಿಡಿಸಿ ಹೇಳಬೇಕಾದರೆ ಯಾರಾದರೊಬ್ಬರು ತಿಂದು ನೋಡಿ ಹೇಳಿರಲೇಬೇಕು. ಆದುದರಿಂದ ವೈದ್ಯರ ಮಾಂಸವರ್ಗವು ನಾಲಗೆಯ ಸಾಕ್ಷ್ಯದ ಮೇಲೆ ಕಟ್ಟಿದ ಶಾಸ್ತ್ರವೆಂದು ಹೇಳುವುದರಲ್ಲಿ ದೋಷವಿಲ್ಲ. ಏಣವೆಂಬ ಹೆಸರಿನ ವಿಷಯದಲ್ಲಿಯೂ ಇದೇ ಎಚ್ಚರವನ್ನು ಕಾಣಬಹುದು. ಕಪ್ಪಾದುದು ಏಣ, ಕೆಂಪಾದುದು ಹರಿಣ, ಕಪ್ಪೂ ಕೆಂಪೂ ಅಲ್ಲದುದು ಕುರಂಗ ಎಂದು ಸುಶ್ರುತನು ಬಣ್ಣದಿಂದ ಗುರುತನ್ನು ಹೇಳಿದ್ದಾನೆ. ಕಾವ್ಯಗಳಲ್ಲಿ ಈ ಮೂರು ಶಬ್ದಗಳು ಛಂದಸ್ಸಿನ ಅನುಕೂಲಕ್ಕೆ ತಕ್ಕಂತೆ ಅದಲುಬದಲಾಗುತ್ತವೆ, ವೈದ್ಯಶಾಸ್ತ್ರದಲ್ಲಿ ಹಾಗಲ್ಲ. ಕಾವ್ಯಪಾಠವನ್ನು ಹೇಳುವ ಅಧ್ಯಾಪಕರು ಈ ವಿವೇಕವನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಒಂದೊಂದು ವರ್ಗದಲ್ಲಿ ಮೊದಲನೆಯದು ಯಾವುದು, ಕಡೆಯದು ಯಾವುದು ಎಂಬ ನಿರ್ಣಯವನ್ನೂ ಚರಕನು ಇಪ್ಪತ್ತೈದನೆಯ ಅಧ್ಯಾಯದಲ್ಲಿ ಮಾಡಿದ್ದಾನೆ. ಮೃಗಮಾಂಸಗಳಲ್ಲಿ ಏಣ, ಪಕ್ಷಿಗಳಲ್ಲಿ ಲಾವುಗೆ, ಬಿಲವಾಸಿಗಳಲ್ಲಿ ಉಡ, ಮತ್ಸ್ಯಗಳಲ್ಲಿ ರೋಹಿತ, ಇವು ಹಿತತಮಗಳು. ಪಕ್ಷಿಗಳಲ್ಲಿ ಕಾಣಕಪೋತ, ಬಿಲವಾಸಿಗಳಲ್ಲಿ ಕಪ್ಪೆ, ಮತ್ಸ್ಯಗಳಲ್ಲಿ ಚಿಲಿಚಿಮ, ಇವು ಅಹಿತತಮಗಳು.

ಮತ್ಸ್ಯದ ವಿಚಾರವು ಇಲ್ಲಿ ಸ್ವಲ್ಪ ವಿಸ್ತಾರವನ್ನು ಬಯಸುತ್ತದೆ. ಸಾಮಾನ್ಯವಾಗಿ ಮೀನು ಗುರು, ಉಷ್ಣ, ಮಧುರ, ಬಲಕರ. ಹಾಗಾದರೆ ರೋಹಿತವು ಮಾತ್ರ ಲಘುಪಾಕಿಯೂ ದೀಪನವೂ ಹೇಗಾಯಿತು? ಅದು ಪಾಚಿಯನ್ನೂ ಎಳೆಹುಲ್ಲನ್ನೂ ತಿನ್ನುವುದರಿಂದಲೂ ನಿದ್ರೆಯನ್ನು ವರ್ಜಿಸಿರುವುದರಿಂದಲೂ ಎಂಬುದು ಚರಕನ ಸಮಾಧಾನ. ಕಾರಣವು ಇಂದಿನ ಪರೀಕ್ಷೆಗೆ ನಿಲ್ಲಲಿ, ನಿಲ್ಲದಿರಲಿ, ಅಪವಾದಕ್ಕೂ ಕಾರಣವನ್ನು ಹೇಳಬೇಕೆಂಬ ಹಟವು ಶಾಸ್ತ್ರಕಾರನ ಲಕ್ಷಣ. ಸುಶ್ರುತನು ಇನ್ನೂ ಮುಂದುವರಿದು, ಮೀನುಗಳನ್ನು ಅವು ಹುಟ್ಟಿದ ನೀರಿನಿಂದ ತೂಗುತ್ತಾನೆ. ಸಮುದ್ರದ ಮೀನುಗಳು ಮಾಂಸಾಹಾರಿಗಳಾದುದರಿಂದ ವಿಶೇಷವಾಗಿ ಬಲಕರಗಳು. ಆದರೆ ಅವುಗಳಿಗಿಂತ ನದಿಯವು, ನದಿಯವುಗಳಿಗಿಂತ ಕುಂಟೆ ಬಾವಿಗಳವು, ಅವುಗಳಿಗಿಂತ ಮೆಟ್ಟಿಲಬಾವಿಯವು ಗುಣದಲ್ಲಿ ಮೇಲು. ಒಂದೇ ಮೀನಿನ ಅಂಗಗಳಲ್ಲಿಯೂ ಭೇದವುಂಟು. ಹೊಳೆಯ ಮೀನು ಬಾಲದಿಂದಲೂ ಮುಖದಿಂದಲೂ ಚಲಿಸುವುದರಿಂದ ಅದರ ನಡುಭಾಗ ಗುರು. ಕೆರೆಸರೋವರಗಳ ಮೀನಿನಲ್ಲಿ ತಲೆಯ ಭಾಗ ವಿಶೇಷವಾಗಿ ಲಘು. ಚಿಲುಮೆ ಬಾವಿಗಳಲ್ಲಿ ದೂರ ಸಂಚರಿಸಲಾರದ ಮೀನಿನಲ್ಲಿ ತಲೆಯೊಂದನ್ನು ಬಿಟ್ಟು ಮಿಕ್ಕುದೆಲ್ಲವೂ ಅತ್ಯಂತ ಗುರು. ದುಡಿಯುವ ಅಂಗವು ಹಗುರ, ದುಡಿಯದ ಅಂಗವು ಭಾರ ಎಂಬುದೇ ಇವೆಲ್ಲಕ್ಕೂ ತಳಹದಿಯಾದ ಸೂತ್ರ. ಹಾಲಿನೊಡನೆ ಮೀನನ್ನು ತಿನ್ನಬಹುದೆ ಎಂಬ ವಿಷಯದಲ್ಲಿ ಚರಕಸಂಹಿತೆಯೊಳಗೆ ಒಂದು ವಾದವೇ ನಡೆದಿದೆ. ಚಿಲಿಚಿಮವೊಂದನ್ನು ಬಿಟ್ಟು ಮಿಕ್ಕವನ್ನು ತಿನ್ನಬಹುದೆಂದು ಭದ್ರಕಾಪ್ಯನು ಹೇಳಲು, ಯಾವುದನ್ನೂ ಕೂಡದು, ಚಿಲಿಚಿಮವನ್ನಂತೂ ವಿಶೇಷವಾಗಿ ಕೂಡದು ಎಂದು ಆತ್ರೇಯನು ನಿಷೇಧಿಸುತ್ತಾನೆ.

ಈ ಎಲ್ಲ ವಿಚಾರವನ್ನು ಚರಕನು ಒಂಬತ್ತು ಪರೀಕ್ಷೆಗಳಲ್ಲಿ ಸಂಗ್ರಹಿಸಿದ್ದಾನೆ: ಸಂಚರಿಸುವ ನೆಲ ಮತ್ತು ಮೇವು, ಶರೀರದ ಅವಯವ, ಸ್ವಭಾವ, ಧಾತು, ಕ್ರಿಯೆ, ಲಿಂಗ, ಪ್ರಮಾಣ, ಸಂಸ್ಕಾರ, ಮಾತ್ರೆ. ಲಿಂಗದ ವಿಷಯದಲ್ಲಿ ಸುಶ್ರುತನು ಚತುಷ್ಪಾದಗಳಲ್ಲಿ ಹೆಣ್ಣೂ ಪಕ್ಷಿಗಳಲ್ಲಿ ಗಂಡೂ ಮೇಲೆಂದು ಹೇಳುತ್ತಾನೆ. ತಾನಾಗಿ ಸತ್ತುದು, ಬಡಕಲಾದುದು, ಅತಿಯಾಗಿ ಕೊಬ್ಬಿದುದು, ಮುದಿಯಾದುದು, ವಿಷದಿಂದ ಸತ್ತುದು, ತನಗೆ ಸಹಜವಲ್ಲದ ನೆಲದಲ್ಲಿ ಬೆಳೆಸಲ್ಪಟ್ಟುದು, ಇವು ವರ್ಜ್ಯಗಳೆಂಬುದು ಚರಕನ ಮತ. ಇವುಗಳಲ್ಲಿ ಕಡೆಯದು ವಿಶೇಷವಾಗಿ ಗಮನಾರ್ಹ. ಕಾಡಿನ ಪ್ರಾಣಿಯನ್ನು ತಂದು ಅಂಗಳದಲ್ಲಿ ಸಾಕಿ ಕೊಂದರೆ, ಜಾತಿಯಿಂದ ಅದೇ ಆದರೂ ಮಾಂಸವು ಅದೇ ಅಲ್ಲ.

೩. ಪಾಕಮಾನ

ವೈದ್ಯನ ಒಂಬತ್ತು ಪರೀಕ್ಷೆಗಳಲ್ಲಿ ಸಂಸ್ಕಾರವು ಒಂದು ಮಾತ್ರ. ಮಾನಸೋಲ್ಲಾಸದಲ್ಲಿ ಅದೇ ಮುಖ್ಯವಾಗಿ ನಿಲ್ಲುತ್ತದೆ. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಈ ಗ್ರಂಥದ ಒಂದು ಭಾಗವನ್ನು ೧೯೨೬ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಮಾಲೆಯಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದರು, ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೋಂಡೇಕರರ ಸಂಪಾದನವು ೧೯೨೫ರಿಂದ ಮೂರು ಸಂಪುಟಗಳಲ್ಲಿ ಹೊರಬಂದಿತು. ಗ್ರಂಥದ ಯೋಜನೆಯೇ ಪ್ರಕೃತ ವಿಷಯಕ್ಕೆ ಪ್ರಯೋಜನಕರವಾದುದು. ಮೂರನೆಯ ವಿಂಶತಿಯಲ್ಲಿ ಅನ್ನಭೋಗ, ನಾಲ್ಕನೆಯದರಲ್ಲಿ ಮೃಗಯಾವಿನೋದ ಮತ್ತು ಮತ್ಸ್ಯವಿನೋದ. ಎಂದರೆ ಪ್ರಾಣಿಯನ್ನು ಹಿಡಿಯುವ ಬಗೆಯನ್ನೂ ಬೇಯಿಸುವ ಬಗೆಯನ್ನೂ ಒಬ್ಬನೇ ಗ್ರಂಥಕರ್ತನು, ಅದರಲ್ಲಿಯೂ ಅರಸನು, ಹೇಳಿದ್ದಾನೆ.

ಅನ್ನಭೋಗದಲ್ಲಿ ಹಂದಿಗೆ ಅಗ್ರಸ್ಥಾನ. ಅದರ ಮೇಲೆ ಬಿಳಿಯ ಬಟ್ಟೆಯನ್ನು ಹೊದಿಸಿ, ಕೂದಲು ಕೈಗೆ ಬರುವವರೆಗೆ ಬಿಸಿನೀರನ್ನು ಹೊಯ್ಯಬೇಕು. ಅಥವಾ ಹುಲ್ಲಿನ ಉರಿಯಲ್ಲಿ ರೋಮವನ್ನು ಸುಡಬೇಕು. ಹೀಗೆ ಶುದ್ಧಮಾಡಿದ ಮಾಂಸವನ್ನು ಕೆಂಡದ ಮೇಲೆ ಸುಟ್ಟುದು ಶುಂಠಕ. ಅದನ್ನು ತಾಳೆಯ ಗರಿಯಂತೆ ತೆಳ್ಳಗೆ ಸೀಳಿ ಸಂಬಾರ ಬೆರೆಸಿದ ಮೊಸರಿನಲ್ಲಿಡುವುದು ಮತ್ತೊಂದು ಬಗೆ. ತುಂಡುಗಳಿಗೆ ಸಂಬಾರವನ್ನು ಸೇರಿಸಿ ಕಬ್ಬಿಣದ ಸಲಾಕೆಗೆ ಚುಚ್ಚಿ ಸುಡುವುದು ಭಡಿತ್ರಕ. ಕರುಳಿನೊಳಗೆ ತುಂಬಿ ಸುತ್ತಿ ಬೇಯಿಸಿದುದು ಮಂಡಲೀಯ. ರಕ್ತವನ್ನು ಸೇರಿಸಿ ಮಾಡಿದುದು ಕೃಷ್ಣಪಾಕ. ಹೊಳೆಯ ದಂಡೆಯ ಹೊಲಗಳಲ್ಲಿ ಬೆಳೆದ ಕರಿಯ ಇಲಿಗಳನ್ನು ಬಾಲದಿಂದ ಹಿಡಿದು ಕಾದ ಎಣ್ಣೆಯಲ್ಲಿ ಅದ್ದಿ, ರೋಮವನ್ನು ಕಳೆದು, ಸಲಾಕೆಯಲ್ಲಿ ಸುಟ್ಟು, ಉಪ್ಪು ಜೀರಿಗೆ ಶುಂಠಿಗಳನ್ನು ಚಿಮುಕಿಸುವ ಕ್ರಮವು ಹೇಳಿದೆ. ಆಮೆಯನ್ನು ಸುಟ್ಟು ಕಾಲುಗಳನ್ನೂ ಚಿಪ್ಪನ್ನೂ ತೆಗೆದು ಪಾಕಮಾಡಿದರೆ ಅದರ ರುಚಿ ಬಾಳೆಯ ಹಣ್ಣಿನಂತಾಗುವುದೆಂದು ಅರಸನು ಹೇಳುತ್ತಾನೆ.

ಈ ಕಡೆಯ ಮಾತಿನಲ್ಲಿ ಹೊಸತೊಂದು ಅಂಶವಿದೆ. ಚರಕನಿಗೆ ಮಾಂಸದ ರುಚಿಯನ್ನು ಹೇಳಲು ಷಡ್ರಸಗಳ ಹೆಸರುಗಳು ಸಾಕಾಗಿದ್ದುವು. ಆರು ಹೆಸರುಗಳಿಂದ ಲಾವುಗೆಗೂ ಮನೆಯ ಪಾರಿವಾಳಕ್ಕೂ ಭೇದವನ್ನು ಹೇಳಲಾಗುವುದಿಲ್ಲ; ಎರಡೂ ಕಷಾಯಮಧುರಗಳೇ. ಸೋಮೇಶ್ವರನು ರಸದ ಹೆಸರನ್ನು ಬಿಟ್ಟು ಮತ್ತೊಂದು ತಿಂಡಿಯ ಹೆಸರನ್ನು ಹಿಡಿದನು. ಒಂದು ಪದಾರ್ಥದ ರುಚಿಯನ್ನು ಇನ್ನೊಂದು ಪದಾರ್ಥದ ರುಚಿಯಿಂದ ಉಪಮಿಸುವ ಈ ರೀತಿಯು ಉಂಡವನದೇ ಹೊರತು ಚಿಕಿತ್ಸಕನದಲ್ಲ. ಮತ್ತೊಂದು ಭೇದವೂ ಉಂಟು. ವೈದ್ಯನು ಯಾವ ಪ್ರಾಣಿ ಮೇಲು ಎಂದು ಕೇಳಿದರೆ, ಅರಸನು ಯಾವ ಪ್ರಾಣಿಗೆ ಯಾವ ಸಂಸ್ಕಾರ ಎಂದು ಕೇಳುತ್ತಾನೆ. ಕೊಬ್ಬುಳ್ಳ ಹಂದಿಗೆ ಕೆಂಡ, ಸಣ್ಣ ಪ್ರಾಣಿಗೆ ಸಲಾಕೆ ಎಂದು ಪ್ರಾಣಿಯ ಸ್ವಭಾವಕ್ಕೆ ತಕ್ಕ ಪಾಕವನ್ನು ವಿಧಿಸುವುದರಲ್ಲಿಯೇ ಅವನ ತಾರತಮ್ಯಜ್ಞಾನವು ಅಡಗಿದೆ. ವೈದ್ಯರ ಅಗ್ರಗಣನೆಯಲ್ಲಿ ಎಲ್ಲಿಯೂ ಇಲ್ಲದ ಹೊಲದ ಇಲಿಯು ಚಕ್ರವರ್ತಿಯ ತಟ್ಟೆಗೆ ಏರಿದುದು ಈ ದೃಷ್ಟಿಭೇದದಿಂದಲೇ.

ಮತ್ಸ್ಯವಿನೋದದಲ್ಲಿ ಮೀನುಗಳು ಸಮುದ್ರದವು, ಹೊಳೆಯವು ಎಂದೂ, ಹುರುಪೆಯುಳ್ಳವು, ಚರ್ಮ ಮಾತ್ರವುಳ್ಳವು ಎಂದೂ, ದೊಡ್ಡವು, ಚಿಕ್ಕವು ಎಂದೂ ವಿಂಗಡವಾಗಿವೆ. ಯಾವುದಕ್ಕೆ ಯಾವ ಎರೆಯನ್ನು ಹಾಕಬೇಕೆಂಬುದೂ ಹೇಳಿದೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ, ಪ್ರಾಚೀನರ ಮತ್ಸ್ಯಜ್ಞಾನಕ್ಕೆ ಅದು ಮುಖ್ಯ ಆಧಾರವೆಂದು ತೋರಿಸಿದರು. ಮೀನಿನ ಮೇವನ್ನು ಬಲ್ಲವನೇ ಮೀನಿನ ರುಚಿಯನ್ನೂ ಬಲ್ಲನೆಂಬ ಚರಕಸುಶ್ರುತರ ಸೂತ್ರವು ಇಲ್ಲಿ ಗಾಣಗಾರನ ಕೈಯಲ್ಲಿ ಪ್ರಯೋಗಕ್ಕೆ ಬಂದಿದೆ.

೪. ವ್ರತಮಾನ

ಇನ್ನು ಕನ್ನಡದ ಕಡೆಗೆ ತಿರುಗೋಣ. ಬೇಟೆಯು ಈ ನಾಡಿನ ಅರಸರಿಗೆ ಅಪರಿಚಿತವಾಗಿರಲಿಲ್ಲ. ಗಂಗರ ಇಮ್ಮಡಿ ಬೂತುಗನ ಕಾಲದ ಆತಕೂರಿನ ಶಾಸನವು (ಕ್ರಿ. ಶ. ೯೪೯–೫೦) ಕಾಳಿಯೆಂಬ ಬೇಟೆನಾಯಿಯು ದೊಡ್ಡ ಹಂದಿಯೊಡನೆ ಹೋರಾಡಿ ಎರಡೂ ಸತ್ತುದನ್ನು ಸ್ಮರಿಸುತ್ತದೆ. ಯುದ್ಧದಲ್ಲಿ ಮೆರೆದ ಮಣಲೇರನು ಅರಸನಿಂದ ಬೇಡಿ ಪಡೆದುದು ಆ ನಾಯಿಯನ್ನೇ. ‘ಅಡಗು’ ಎಂಬ ಹಳಗನ್ನಡ ಶಬ್ದವೂ, ಲಾವುಗೆ, ಉಡ, ಕಡವೆ, ಎರಳೆ ಮೊದಲಾದ ಹೆಸರುಗಳೂ ಜನರ ಬಾಯಲ್ಲಿ ಬೆಳೆದುವೇ ಹೊರತು ಸಂಸ್ಕೃತದಿಂದ ಕಡ ತಂದುವಲ್ಲ. ಲಾವುಗೆಯೊಂದು ಮಾತ್ರ ಲಾವ ಶಬ್ದದ ಸಂಬಂಧಿ. ಹೀಗಿರಲು ಶಾಸ್ತ್ರಗ್ರಂಥಗಳಲ್ಲಿ ಮೌನವೇಕೆ?

ಕನ್ನಡನಾಡಿನ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ. ರಾಷ್ಟ್ರಕೂಟರ ಕಾಲದ ಜೈನಾಚಾರ್ಯನಾದ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ರಚಿಸಿ, ಅದರ ಕೊನೆಗೆ ಹಿತಾಹಿತವೆಂಬ ಪ್ರಕರಣವನ್ನು ಸೇರಿಸಿದನು. ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಾಂಸದ ನಿಷ್ಫಲತೆಯನ್ನು ಪ್ರತಿಪಾದಿಸಿದುದೇ ಅದರ ವಿಷಯ. ಈ ಗ್ರಂಥವು ೧೯೪೦ರಲ್ಲಿ ಸೋಲಾಪುರದಲ್ಲಿ ಮುದ್ರಿತವಾಯಿತು. ಮುಂದೆ ಸುಮಾರು ಕ್ರಿ. ಶ. ೧೧೫೦ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕ ತಂದು ಕರ್ಣಾಟಕ ಕಲ್ಯಾಣಕಾರಕವನ್ನು ಬರೆದನು; ಅದರ ಚಿಕಿತ್ಸೆಯಲ್ಲಿ ಮದ್ಯ, ಮಾಂಸ, ಮಧುಗಳಿಗೆ ಎಡೆಯಿಲ್ಲ. ಇದು ಬಹುಮಟ್ಟಿಗೆ ಮಾನಸೋಲ್ಲಾಸದ ಸಮಕಾಲದ ಗ್ರಂಥವೆಂಬುದನ್ನು ಮರೆಯಲಾಗದು. ಸೂಪಶಾಸ್ತ್ರದ ಮಂಗರಸನೂ ಜೈನನೇ. ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿಗಳ ಕರ್ತೃ.

ಸಭೆಯೊಂದರಲ್ಲಿ ಮಾಂಸಖಂಡನವನ್ನು ಮಾಡಬೇಕಾದರೆ ಎದುರಿನಲ್ಲಿ ಮಾಂಸಮಂಡನವನ್ನು ಮಾಡುವವರಿರಬೇಕು. ಆದುದರಿಂದ ಉಗ್ರಾದಿತ್ಯನ ನಿರಾಕರಣವೇ ರಾಷ್ಟ್ರಕೂಟರ ಆಸ್ಥಾನದಲ್ಲಿ ಚರಕಸುಶ್ರುತರ ಮಾಂಸವರ್ಗವು ಜೀವಂತವಾಗಿತ್ತೆಂಬುದಕ್ಕೆ ಪ್ರಮಾಣ. ಪೂರ್ವಪಕ್ಷವು ಬಲವಾಗಿರುವಲ್ಲಿಯೇ ಸಿದ್ಧಾಂತಿಯು ಪ್ರತ್ಯೇಕ ಪ್ರಕರಣವನ್ನು ಬರೆಯುತ್ತಾನೆ.

ಈ ನಿರಾಕರಣವು ಕಾವ್ಯದಲ್ಲಿ ಇನ್ನೂ ತೀಕ್ಷ್ಣವಾಗಿದೆ. ಸೋಮದೇವಸೂರಿಯ ಯಶಸ್ತಿಲಕಚಂಪುವಿನಲ್ಲಿಯೂ (ಕ್ರಿ. ಶ. ೯೫೯), ಜನ್ನನ ಯಶೋಧರಚರಿತೆಯಲ್ಲಿಯೂ (ಕ್ರಿ. ಶ. ೧೨೦೯) ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕಾಗಿ ಯಶೋಧರನು ತಿರ್ಯಗ್ಜನ್ಮಗಳನ್ನು ತಾಳುತ್ತಾನೆ. ನವಿಲು, ಮೀನು, ಆಡು, ಕೋಳಿ, ಇವು ಆ ಜನ್ಮಪರಂಪರೆಯಲ್ಲಿ ಬರುವುವು. ಸೋಮದೇವನಲ್ಲಿ ಆ ಮೀನು ರೋಹಿತವೇ. ಮೇಲೆ ಹೇಳಿದ ಪಟ್ಟಿಗಳೊಡನೆ ಇದನ್ನು ಹೋಲಿಸಿದರೆ ಆಯ್ಕೆಯ ಮರ್ಮವು ತಿಳಿಯುವುದು. ಅಶೋಕನ ಅಡುಗೆಯ ಮನೆಯಲ್ಲಿ ಕಡೆಯವರೆಗೆ ಉಳಿದ ನವಿಲು, ವೈದ್ಯರ ಮತ್ಸ್ಯಗಳಲ್ಲಿ ಅಗ್ರಗಣ್ಯವಾದ ರೋಹಿತ, ಶ್ರಾದ್ಧಪಟ್ಟಿಯ ಆಡು, ಇವೇ ಯಶೋಧರನ ದೇಹಗಳಾದುವು. ಮೀನಾಗಿಯೂ ಆಡಾಗಿಯೂ ಹುಟ್ಟಿದಾಗ ಅವನು ತನ್ನ ಮಗನ ಮನೆಯ ಪಾಕಕ್ಕೇ ಗುರಿಯಾಗುತ್ತಾನೆ. ಯಾವ ಮಾಂಸವು ಮೇಲೆಂದು ತೂಗುತ್ತಿದ್ದವರ ತಕ್ಕಡಿಯಲ್ಲಿ ಕವಿಯು ತೂಗುವವನನ್ನೇ ಇಟ್ಟಿದ್ದಾನೆ. ಓದುಗರಿಗೆ ಆ ಪಟ್ಟಿಗಳು ಪರಿಚಿತವಾಗಿದ್ದಾಗ ಮಾತ್ರ ಈ ವ್ಯಂಗ್ಯಕ್ಕೆ ಪೂರ್ಣವಾದ ಬಲವುಂಟು. ಇಂದಿನ ತರಗತಿಗಳಲ್ಲಿ ಜನ್ನನ ಕಾವ್ಯವನ್ನು ಪಾಠಹೇಳುವಾಗ ಈ ಹಿನ್ನೆಲೆಯನ್ನು ತಿಳಿಸುವುದು ಆವಶ್ಯಕ.

ಇದಕ್ಕೆ ಪ್ರತಿಯಾಗಿ ಶೈವಪರಂಪರೆಯಲ್ಲಿ ಕಣ್ಣಪ್ಪನ ಕಥೆಯಿದೆ. ಸೇಕ್ಕಿಳಾರರ ಪೆರಿಯಪುರಾಣದಲ್ಲಿ ಕಾಳಹಸ್ತಿಯ ಬೇಡನು ಹಂದಿಯ ಮಾಂಸವನ್ನು ಸುಟ್ಟು, ಒಂದೊಂದು ತುಂಡನ್ನೂ ತಾನೇ ಕಚ್ಚಿ ನೋಡಿ, ರುಚಿಯಾದುದನ್ನು ಮಾತ್ರ ಶಿವನಿಗೆ ಅರ್ಪಿಸುತ್ತಾನೆ. ಅದೇ ಭಕ್ತನ ಮೇಲೆ ಕನ್ನಡದಲ್ಲಿ ಹರಿಹರನು ರಗಳೆಯನ್ನು ರಚಿಸಿದ್ದಾನೆ. ಶರಣರ ಮತವು ಮಾಂಸವನ್ನು ವರ್ಜಿಸಿದರೂ ಮಾಂಸವನ್ನು ರುಚಿನೋಡಿ ಅರ್ಪಿಸಿದ ಬೇಡನನ್ನು ವರ್ಜಿಸಲಿಲ್ಲ. ಶ್ರುತಿ, ಸ್ಮೃತಿ, ವೈದ್ಯ, ಪಾಕಗಳಲ್ಲಿ ಯಾವುದನ್ನೂ ಓದದವನು ನಾಲಗೆಯೊಂದನ್ನೇ ಪ್ರಮಾಣವಾಗಿಟ್ಟುಕೊಂಡು ತಾರತಮ್ಯವನ್ನು ಮಾಡಿದ ಉದಾಹರಣೆ ಇದು.

೫. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ತಾತ್ಪರ್ಯಗಳು ಮೂರು. ಮೊದಲನೆಯದು: ಪ್ರಾಚೀನರಿಗೆ ಮಾಂಸದ ರುಚಿಯೆಂಬುದು ಪ್ರಾಣಿಯ ಜಾತಿಯಿಂದ ಮಾತ್ರ ಸಿದ್ಧವಾದುದಲ್ಲ, ನೆಲ, ನೀರು, ಮೇವು, ಚಲನೆ, ಅಂಗ, ಸಂಸ್ಕಾರ ಇವೆಲ್ಲವೂ ಸೇರಿ ಸಿದ್ಧವಾದುದು. ಎರಡನೆಯದು: ಕರ್ಮ, ವೈದ್ಯ, ಪಾಕವೆಂಬ ಮೂರು ಮಾನಗಳು ಬೇರೆಬೇರೆಯಾದ ಅಗ್ರಸ್ಥಾನಗಳನ್ನು ಕೊಟ್ಟುವು. ಕರ್ಮದಲ್ಲಿ ಮೊಲ ಮತ್ತು ಆಮೆ ಎತ್ತರದಲ್ಲಿದ್ದರೆ, ವೈದ್ಯದಲ್ಲಿ ಏಣ ಮತ್ತು ಲಾವುಗೆ, ಪಾಕದಲ್ಲಿ ಹಂದಿ. ಒಂದು ಮಾನದ ವಾಕ್ಯವನ್ನು ಇನ್ನೊಂದಕ್ಕೆ ಪ್ರಮಾಣವಾಗಿ ಉದಾಹರಿಸುವುದು ಸರಿಯಲ್ಲ. ಮೂರನೆಯದು: ಕನ್ನಡ ಪಾಕಗ್ರಂಥಗಳ ಮೌನವು ನಾಡಿನ ಅಡುಗೆಯ ಚರಿತ್ರೆಯಲ್ಲ. ಮಂಗರಸನ ವಿಷಯದಲ್ಲಿ ಅದು ಗ್ರಂಥಕರ್ತನ ವ್ರತದ ಚರಿತ್ರೆ. ಆ ವ್ರತದ ಹಿಂದೆ ಉಗ್ರಾದಿತ್ಯನಿಂದ ಹಿಡಿದು ಆರುನೂರು ವರ್ಷಗಳಿಗೂ ಮಿಕ್ಕು ನಡೆದುಬಂದ ಒಂದು ವಾದವಿದೆ. ಮಂಗರಸನು ಬರೆಯದೆ ಬಿಟ್ಟುದನ್ನು ಅವನ ಕಾಲದವರು ತಿನ್ನದೆ ಬಿಟ್ಟರೆಂದು ಹೇಳಲಾಗದು. ಹಾಗೆಯೇ ಸೋಮೇಶ್ವರನು ಬರೆದುದೆಲ್ಲವನ್ನೂ ಅವನ ಪ್ರಜೆಗಳೆಲ್ಲರೂ ತಿಂದರೆಂದೂ ಹೇಳಲಾಗದು. ಒಂದು ವ್ರತಸ್ಥನ ಗ್ರಂಥ, ಇನ್ನೊಂದು ಭೋಗಿಯ ಗ್ರಂಥ. ಸಾಮಾನ್ಯ ಒಕ್ಕಲಿಗನ ಒಲೆಯು ಇವೆರಡರಲ್ಲಿಯೂ ಇಲ್ಲ.

೧೯೬೩ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗ, ಉಡ, ನವಿಲು ಮೊದಲಾದುವುಗಳ ಬೇಟೆಯನ್ನು ನಿಷೇಧಿಸಿದೆ. ಏಣದ ಮಾಧುರ್ಯವನ್ನೂ ಉಡದ ಒಗರನ್ನೂ ಪರೀಕ್ಷಿಸಿ ಚರಕನ ಮಾತನ್ನು ಸಮರ್ಥಿಸುವ ಅಥವಾ ಖಂಡಿಸುವ ಮಾರ್ಗವು ಹೀಗೆ ನ್ಯಾಯವಾಗಿಯೇ ಮುಚ್ಚಿಹೋಗಿದೆ. ಆ ರುಚಿಗಳು ಇನ್ನು ಗ್ರಂಥಗಳಲ್ಲಿ ಮಾತ್ರ ಉಳಿಯತಕ್ಕುವು. ಆದುದರಿಂದ ಮಾನಸೋಲ್ಲಾಸದ ಅನ್ನಭೋಗ, ಮೃಗಯಾ, ಮತ್ಸ್ಯವಿನೋದಗಳ ಮೂರು ಪ್ರಕರಣಗಳನ್ನು, ಅಲ್ಲಿಯ ಪ್ರಾಣಿನಾಮಗಳಿಗೂ ಪಾಕನಾಮಗಳಿಗೂ ಕನ್ನಡದ ಸಮಾನಪದಗಳನ್ನು ನಿರ್ಣಯಿಸಿ, ಪಾಠಾಂತರಗಳೊಡನೆ ಒಟ್ಟಿಗೆ ಸಂಪಾದಿಸುವುದು ಈ ಕ್ಷೇತ್ರದಲ್ಲಿ ಮೊದಲು ಆಗಬೇಕಾದ ಕಾರ್ಯವಾಗಿದೆ.